ದೊಡ್ಡಮ್ಮ ಬರುವ ಮುನ್ನ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಓದು, ಮನೆಮದ್ದು, ಹಬ್ಬ ಹರಿದಿನಗಳು, ಸೊಸೆ ಅತ್ತೆಯರ ಹೊಂದಾಣಿಕೆ ಇವುಗಳ ಸುತ್ತಲೇ ಇರುತ್ತವೆ. ಕಳೆದ ತಿಂಗಳು ಬಂದ ಒಂದು ಪತ್ರ ಮಾತ್ರ ಬೇರೆ ಬಗೆಯದು. ಬರೆದ ತಾಯಿ ತಮ್ಮ ಹೆಸರನ್ನಾಗಲಿ ಊರನ್ನಾಗಲಿ ಪ್ರಕಟಿಸಬಾರದೆಂದು ಕೋರಿದ್ದಾರೆ. ಅವರ ಮಗಳಿಗೆ ಈಗ ಹತ್ತು ವರ್ಷ ತುಂಬಿದೆ. ತಾವು ಮೈನೆರೆದ ದಿನ ಏನೊಂದೂ ತಿಳಿಯದೆ, ಯಾವುದೋ ಮಾರಕ ರೋಗ ತಗುಲಿತೆಂದು ಹೆದರಿ, ಹಿತ್ತಿಲಲ್ಲಿ ಒಬ್ಬರೇ ಕುಳಿತು ಅತ್ತದ್ದನ್ನು ಅವರು ಇಂದಿಗೂ ಮರೆತಿಲ್ಲ. ಮಗಳಿಗೆ ಹಾಗಾಗಬಾರದೆಂಬ ಆಸೆ ಅವರಿಗಿದೆ. ಆದರೆ ಹೇಳಲು ಬಾಯಿ ಬರುತ್ತಿಲ್ಲ. "ಹೇಗಿದ್ದರೂ ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲವೇ? ನಾನು ಸುಮ್ಮನಿದ್ದುಬಿಡಲೇ?" ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವನ್ನು ಯೋಚಿಸುತ್ತಿದ್ದಾಗ ನನ್ನ ಮನಸ್ಸು ನೆರೆಯ ದೇಶವಾದ ಚೀನಾದ ಕಡೆಗೆ ಹೋಯಿತು. ಅದಕ್ಕೆ ಕಾರಣವುಂಟು. ಹಿರಿಯರ ಮುಂದೆ ಇಂತಹ ಮಾತನ್ನು ಎತ್ತಬಾರದೆಂಬ ಸಂಕೋಚ, ಉಷ್ಣ ಶೀತಗಳ ಲೆಕ್ಕ, ದೇವಾಲಯದ ಮಡಿ ಮೈಲಿಗೆ ಇವೆಲ್ಲ ಅಲ್ಲಿಯೂ ಉಂಟು. ಅಲ್ಲದೆ, ಹೆಣ್ಣುಮಕ್ಕಳಿಗೆ ಈ ವಿಷಯವನ್ನು ಮೊದಲೇ ತಿಳಿಸಬೇಕೆಂದು ದೇಶದ ಪ್ರಧಾನಿಯೇ ಅರವತ್ತು ವರ್ಷಗಳ ಹಿಂದೆ ಹೇಳಿದ ನಾಡು ಅದು. ಹೇಳುವ ಹೊಣೆಯನ್ನು ಶಾಲೆಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಆ ದೇಶದ ಅನುಭವ ನಮಗೆ ಸ್ಪಷ್ಟವಾಗಿ ತೋರಿಸುತ್ತದೆ.

ಹೇಳದ ಮಾತಿಗೆ ಹಲವು ಹೆಸರು

ಚೀನೀ ಭಾಷೆಯಲ್ಲಿ ಮುಟ್ಟಿಗೆ ವೈದ್ಯರು ಬಳಸುವ ಹೆಸರು 'ಯುವೆಜಿಂಗ್'. 'ಯುವೆ' ಎಂದರೆ ಚಂದ್ರನೂ ಹೌದು, ಮಾಸವೂ ಹೌದು. ನಮ್ಮ 'ತಿಂಗಳು' ಎಂಬ ಪದದ ಹಾಗೆಯೇ. 'ಜಿಂಗ್' ಎಂಬ ಅಕ್ಷರದ ಮೂಲಾರ್ಥ ಮಗ್ಗದ ಹಾಸುನೂಲು. ಅದರಿಂದ ನಿಯಮ, ಬದಲಾಗದ ಕ್ರಮ ಎಂಬ ಅರ್ಥಗಳು ಬೆಳೆದುಬಂದವು. ಪ್ರಾಚೀನ ಗ್ರಂಥಗಳನ್ನೂ ಬೌದ್ಧ ಸೂತ್ರಗಳನ್ನೂ ಚೀನೀಯರು ಹೆಸರಿಸುವುದು ಇದೇ ಅಕ್ಷರದಿಂದ. ಹೆಣ್ಣಿನ ಮುಟ್ಟಿಗೂ ಪವಿತ್ರ ಗ್ರಂಥಕ್ಕೂ ಒಂದೇ ಅಕ್ಷರವಿರುವುದು ಎಂತಹ ಸೋಜಿಗ! ಹುಡುಗಿಯ ಮೊದಲ ಮುಟ್ಟನ್ನು ಅವರು 'ಚೂಛಾವ್' ಎನ್ನುತ್ತಾರೆ. ಸಮುದ್ರದ ಮೊದಲ ಉಬ್ಬರ ಎಂದು ಅದರ ಅರ್ಥ.

ಆದರೆ ಇಷ್ಟು ಸುಂದರವಾದ ಹೆಸರುಗಳು ಪುಸ್ತಕದಲ್ಲಿಯೇ ಉಳಿದಿವೆ. ಮನೆಯಲ್ಲಿ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ ಹೆಂಗಸರು ಆಡುವ ಮಾತೇ ಬೇರೆ. 'ಲೀಜಿಯಾ', ಎಂದರೆ ರೂಢಿಯ ರಜೆ. 'ಹಳೆಯ ಗೆಳತಿ ಬಂದಳು' ಎನ್ನುವವರುಂಟು. 'ದಾವ್‌ಮೇಯ್', ಅಂದರೆ ಗ್ರಹಚಾರ ಕೆಟ್ಟಿತು ಎಂದು ಗೊಣಗುವವರೂ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿರುವುದು 'ದಾ ಯೀಮಾ' ಎಂಬ ಮಾತು. ಅದರ ಅರ್ಥ ತಾಯಿಯ ಅಕ್ಕ, ಎಂದರೆ ನಮ್ಮ ದೊಡ್ಡಮ್ಮ! "ದೊಡ್ಡಮ್ಮ ಬಂದಿದ್ದಾಳೆ" ಎಂದರೆ ಕೇಳಿದ ಗೆಳತಿಗೆ ಅರ್ಥವಾಗುತ್ತದೆ, ಪಕ್ಕದಲ್ಲಿರುವ ಹುಡುಗನಿಗೆ ಅರ್ಥವಾಗಬಾರದು. ನಮ್ಮಲ್ಲಿ "ಕಾಗೆ ಮುಟ್ಟಿದೆ", "ಹೊರಗಾಗಿದ್ದಾಳೆ", "ಕಡೆಗಾಗಿದ್ದಾಳೆ" ಎನ್ನುವುದಿಲ್ಲವೇ? ಹಾಗೆಯೇ ಇದೂ. ಹೆಸರು ಹೇಳಲು ನಾಚಿಕೆಯಾದಾಗ ಅಡ್ಡಹೆಸರುಗಳು ಹುಟ್ಟುತ್ತವೆ. ಅಡ್ಡಹೆಸರನ್ನು ಬಲ್ಲವಳು ಈಗಾಗಲೇ ವಿಷಯವನ್ನು ಬಲ್ಲವಳು. ಏನೂ ತಿಳಿಯದ ಹತ್ತು ವರ್ಷದ ಮಗುವಿಗೆ ದೊಡ್ಡಮ್ಮ ಎಂದರೆ ದೊಡ್ಡಮ್ಮನೇ.

ಶಾಸ್ತ್ರವೂ ರಕ್ತದ ಕೊಳವೂ

ಚೀನೀಯರ ಪ್ರಾಚೀನ ವೈದ್ಯವು ಮುಟ್ಟನ್ನು ಹೀನವಾಗಿ ಕಾಣಲಿಲ್ಲ. ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದಾದ 'ಹ್ವಾಂಗ್‌ದಿ ನೇಯ್‌ಜಿಂಗ್' ಎಂಬ ವೈದ್ಯಗ್ರಂಥವು ಹೆಣ್ಣಿನ ಆಯುಷ್ಯವನ್ನು ಏಳೇಳು ವರ್ಷಗಳ ಲೆಕ್ಕದಲ್ಲಿ ವಿವರಿಸುತ್ತದೆ. ಏಳನೆಯ ವರ್ಷದಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ, ಕೂದಲು ಸೊಂಪಾಗಿ ಬೆಳೆಯುತ್ತದೆ. ಹದಿನಾಲ್ಕರಲ್ಲಿ 'ತಿಯೆನ್‌ಕ್ವೇ' ಎಂಬ ಸತ್ವವು ದೇಹಕ್ಕೆ ಬಂದು ಮುಟ್ಟು ಆರಂಭವಾಗುತ್ತದೆ. ನಲವತ್ತೊಂಬತ್ತರಲ್ಲಿ ಆ ಸತ್ವವು ಬತ್ತಿ ಮುಟ್ಟು ನಿಲ್ಲುತ್ತದೆ. ಹಲ್ಲು ಹುಟ್ಟುವುದು ಎಷ್ಟು ಸಹಜವೋ ಇದೂ ಅಷ್ಟೇ ಸಹಜ ಎಂಬ ದೃಷ್ಟಿ ಅಲ್ಲಿದೆ. ಹದಿನಾರನೆಯ ಶತಮಾನದ ಪ್ರಸಿದ್ಧ ವೈದ್ಯ ಲೀ ಶಿಜೆನ್ ತನ್ನ 'ಬೆನ್‌ಚಾವ್ ಗಾಂಗ್‌ಮು' ಗ್ರಂಥದಲ್ಲಿ ಹೆಣ್ಣಿನ ರಕ್ತವನ್ನು ಮೇಲೆ ಚಂದ್ರನೊಂದಿಗೂ ಕೆಳಗೆ ಕಡಲ ಉಬ್ಬರವಿಳಿತದೊಂದಿಗೂ ಹೋಲಿಸಿದನು. ಆದರೆ ಅದೇ ಗ್ರಂಥದ ಇನ್ನೊಂದೆಡೆಯಲ್ಲಿ ಅದು ಹೊಲಸು, ಸಜ್ಜನರು ದೂರವಿರಬೇಕು ಎಂದೂ ಬರೆದನು. ಒಬ್ಬನೇ ಪಂಡಿತನ ಒಂದೇ ಪುಸ್ತಕದಲ್ಲಿ ಎರಡು ಮನಸ್ಸುಗಳು!

ಜನಸಾಮಾನ್ಯರ ನಂಬಿಕೆಯಲ್ಲಿ ಎರಡನೆಯ ಮಾತೇ ಗೆದ್ದಿತು. ಸುಮಾರು ಎಂಟು ನೂರು ವರ್ಷಗಳ ಹಿಂದಿನಿಂದ ಚೀನಾದಲ್ಲಿ 'ಶ್ವೆಪೆನ್ ಜಿಂಗ್', ಎಂದರೆ ರಕ್ತಪಾತ್ರೆಯ ಸೂತ್ರ ಎಂಬ ಕಿರುಗ್ರಂಥವೊಂದು ಪ್ರಚಾರಕ್ಕೆ ಬಂದಿತು. ಬುದ್ಧನ ಶಿಷ್ಯನಾದ ಮೌದ್ಗಲ್ಯಾಯನನು ನರಕದಲ್ಲಿ ರಕ್ತದ ಕೊಳವೊಂದನ್ನು ಕಂಡನಂತೆ. ಅಲ್ಲಿ ಹೆಂಗಸರು ಮಾತ್ರ ಮುಳುಗಿ ಬೇಯುತ್ತಿದ್ದರಂತೆ. ಹೆರಿಗೆಯ ಮತ್ತು ಮುಟ್ಟಿನ ರಕ್ತದಿಂದ ಭೂಮಿಯನ್ನೂ ನದಿಯನ್ನೂ ಮಲಿನಗೊಳಿಸಿದ್ದೇ ಅವರ ಅಪರಾಧವಂತೆ. ಈ ಗ್ರಂಥ ಭಾರತದಿಂದ ಹೋದದ್ದಲ್ಲ. ಚೀನಾದಲ್ಲಿಯೇ ರಚಿತವಾಗಿ ಬುದ್ಧನ ಹೆಸರನ್ನು ಹೊತ್ತುಕೊಂಡದ್ದು. ತಾಯಿ ತೀರಿಕೊಂಡಾಗ ಅವಳನ್ನು ಆ ಕೊಳದಿಂದ ಪಾರುಮಾಡಲು ಮಕ್ಕಳು ವಿಶೇಷ ಪೂಜೆಗಳನ್ನು ಮಾಡಿಸುತ್ತಿದ್ದರು. ಮುಟ್ಟಾದವರು ದೇವಾಲಯಕ್ಕೆ ಹೋಗಬಾರದು, ದೇವರಿಗೆ ಧೂಪ ಹಚ್ಚಬಾರದು ಎಂಬ ಕಟ್ಟಳೆಯೂ ಬಳಕೆಯಲ್ಲಿತ್ತು. ತನ್ನನ್ನು ಹೆತ್ತ ರಕ್ತಕ್ಕಾಗಿಯೇ ತಾಯಿ ನರಕಕ್ಕೆ ಹೋಗುವಳೆಂದು ಮಗನು ನಂಬಬೇಕಾಗಿತ್ತು. ಇಂತಹ ನಂಬಿಕೆಯ ನೆರಳಿನಲ್ಲಿ ಬೆಳೆದ ಹುಡುಗಿ ತನ್ನ ಮೊದಲ ಋತುವನ್ನು ಹೇಗೆ ಸಂತೋಷದಿಂದ ಎದುರುನೋಡಿಯಾಳು?

ನಮ್ಮಲ್ಲಿ ಹುಡುಗಿ ಮೈನೆರೆದರೆ ಆರತಿ ಮಾಡಿ, ಕೊಬ್ಬರಿ ಬೆಲ್ಲ ಕೊಟ್ಟು, ಬಂಧುಬಳಗಕ್ಕೆ ತಿಳಿಸುವ ವಾಡಿಕೆ ಇದೆ. ಚೀನಾದ ಬಹುಭಾಗದಲ್ಲಿ ಇಂತಹ ಬಹಿರಂಗ ಸಮಾರಂಭವಿಲ್ಲ. ಪ್ರಾಚೀನ ಕಾಲದಲ್ಲಿ ಹದಿನೈದನೆಯ ವಯಸ್ಸಿನಲ್ಲಿ ಹುಡುಗಿಯ ತುರುಬಿಗೆ ಕಡ್ಡಿ ಸಿಕ್ಕಿಸುವ 'ಜೀ' ಎಂಬ ಸಂಸ್ಕಾರವಿತ್ತು; ಅದು ಮದುವೆಯ ವಯಸ್ಸಿಗೆ ಸಂಬಂಧಿಸಿದ್ದು, ಮುಟ್ಟಿಗೆ ಅಲ್ಲ. ಮೊದಲ ಋತು ಅಲ್ಲಿ ತಾಯಿ ಮಗಳ ನಡುವಿನ ಗುಟ್ಟು. ತಾಯಿ ಕೆಂಪು ಸಕ್ಕರೆ, ಶುಂಠಿ, ಕೆಲವೊಮ್ಮೆ ಒಣಗಿದ ಕೆಂಪು ಬೋರೆಹಣ್ಣು ಹಾಕಿ ಕುದಿಸಿದ ಬಿಸಿ ಪಾನಕ ಕೊಡುತ್ತಾಳೆ. ತಣ್ಣೀರು ಮುಟ್ಟಬೇಡ, ಐಸ್‌ಕ್ರೀಮ್ ತಿನ್ನಬೇಡ, ತಲೆಗೆ ನೀರು ಹಾಕಿಕೊಳ್ಳಬೇಡ ಎನ್ನುತ್ತಾಳೆ. ಬಿಸಿ ಪಾನಕದಲ್ಲಿ ತಾಯಿಯ ಮಮತೆಯಿದೆ, ಹೊಟ್ಟೆನೋವಿಗೆ ಸ್ವಲ್ಪ ಹಿತವೂ ಇದೆ. ಆದರೆ ಆ ಮಾತುಗಳೆಲ್ಲವೂ 'ಬೇಡ'ಗಳೇ. ದೇಹದಲ್ಲಿ ಏನಾಗುತ್ತಿದೆ, ಏಕಾಗುತ್ತಿದೆ ಎಂಬ ಒಂದು ಮಾತು ಅಲ್ಲಿರುವುದು ವಿರಳ.

ಗದ್ದೆಯಿಂದ ಶಾಲೆಗೆ

1949ರ ನಂತರ ಬಂದ ಹೊಸ ಸರ್ಕಾರವು ಹೆಂಗಸರನ್ನು ಮನೆಯಿಂದ ಗದ್ದೆಗೂ ಕಾರ್ಖಾನೆಗೂ ಕರೆತಂದಿತು. ಭತ್ತದ ಗದ್ದೆಯ ಕೆಸರುನೀರಿನಲ್ಲಿ ದಿನವಿಡೀ ನಿಲ್ಲುವ ಹೆಂಗಸರ ಮುಟ್ಟಿನ ವಿಷಯ ಆಗ ಆಡಳಿತದ ವಿಷಯವಾಯಿತು. ಮುಟ್ಟಾದವಳಿಗೆ ಒಣ ನೆಲದ ಕೆಲಸ ಕೊಡಬೇಕು, ನೀರಿನ ಕೆಲಸವನ್ನಲ್ಲ. ಗರ್ಭಿಣಿಗೆ ಹಗುರ ಕೆಲಸ ಕೊಡಬೇಕು, ಭಾರದ್ದಲ್ಲ. ಹಾಲೂಡಿಸುವ ತಾಯಿಗೆ ಹತ್ತಿರದ ಕೆಲಸ ಕೊಡಬೇಕು, ದೂರದ್ದಲ್ಲ ಎಂಬ ಮೂರು ಸೂತ್ರಗಳು ಸಾಮೂಹಿಕ ಬೇಸಾಯದ ಕಾಲದಲ್ಲಿ ಪ್ರಚಾರಗೊಂಡವು. ಮುಟ್ಟು ಪಾಪವಲ್ಲ, ಅದು ಆರೋಗ್ಯದ ವಿಷಯ ಎಂದು ಸಾರಿದ್ದು ದೊಡ್ಡ ಹೆಜ್ಜೆಯೇ ಸರಿ. 1988ರಲ್ಲಿ ದುಡಿಯುವ ಮಹಿಳೆಯರ ರಕ್ಷಣೆಗೆಂದು ನಿಯಮಾವಳಿ ಬಂದಿತು. 2012ರಲ್ಲಿ ಅದರ ಸ್ಥಾನದಲ್ಲಿ ಬಂದ ಹೊಸ ನಿಯಮಗಳು ಆ ದಿನಗಳಲ್ಲಿ ತಣ್ಣೀರಿನ, ಅತಿ ಶೀತದ, ಅತಿ ಭಾರದ ಹಾಗೂ ಎತ್ತರದ ಕೆಲಸಗಳನ್ನು ಹೆಂಗಸರಿಗೆ ಕೊಡಬಾರದೆಂದು ಪಟ್ಟಿಮಾಡಿವೆ.

ಹುಡುಗಿಯರ ವಿಷಯದಲ್ಲಿಯೂ ಸ್ಮರಣೀಯವಾದ ಒಂದು ಮಾತು ಹೊರಟಿತು. 1963ರಲ್ಲಿ ಪ್ರಧಾನಿ ಚೌ ಎನ್‌ಲೈ ಅವರು ವೈದ್ಯತಜ್ಞರೊಡನೆ ಮಾತನಾಡುತ್ತ, ಹುಡುಗಿಯರಿಗೆ ಮೊದಲ ಮುಟ್ಟು ಬರುವ ಮುನ್ನವೇ, ಹಾಗೆಯೇ ಹುಡುಗರಿಗೂ ಯೌವನದ ಲಕ್ಷಣಗಳು ಕಾಣುವ ಮುನ್ನವೇ, ವೈಜ್ಞಾನಿಕ ತಿಳಿವಳಿಕೆಯನ್ನು ಕೊಡಬೇಕೆಂದು ಒತ್ತಿ ಹೇಳಿದರು. 'ಮುನ್ನವೇ' ಎಂಬುದು ಆ ಮಾತಿನ ಜೀವಾಳ. ಆದರೆ 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಶಾಲೆಗಳೇ ಮುಚ್ಚಿದವು. ಈ ಮಾತೂ ಮೂಲೆ ಸೇರಿತು. ಅದು ಮತ್ತೆ ಮೇಲೆದ್ದು, ಪ್ರೌಢಶಾಲೆಗಳಲ್ಲಿ ಹದಿಹರೆಯದ ಶಿಕ್ಷಣವನ್ನು ಕೊಡಬೇಕೆಂದು ಸರ್ಕಾರದ ಸುತ್ತೋಲೆ ಹೊರಟದ್ದು 1988ರಲ್ಲಿ.

ಸುತ್ತೋಲೆ ಬಂದಿತು, ಪಠ್ಯಪುಸ್ತಕದಲ್ಲಿ ಪಾಠವೂ ಬಂದಿತು. ತರಗತಿಯಲ್ಲಿ ನಡೆದದ್ದೇನು? ಆ ಪುಟಗಳು ಬಂದಾಗ "ಇದನ್ನು ಮನೆಯಲ್ಲಿ ನೀವೇ ಓದಿಕೊಳ್ಳಿ" ಎಂದು ಹೇಳಿ ಮುಂದಿನ ಪಾಠಕ್ಕೆ ಹೋದ ಅಧ್ಯಾಪಕರ ಕಥೆಯನ್ನು ಆ ತಲೆಮಾರಿನ ಅನೇಕ ಚೀನೀಯರು ನಗುತ್ತ ನೆನೆಯುತ್ತಾರೆ. ಕೆಲವು ಶಾಲೆಗಳಲ್ಲಿ ಹುಡುಗರನ್ನು ಆಟದ ಬಯಲಿಗೆ ಕಳುಹಿಸಿ ಹುಡುಗಿಯರಿಗೆ ಮಾತ್ರ ಪಿಸುಮಾತಿನಲ್ಲಿ ಪಾಠವಾಯಿತು. ಶಾಲೆ ಹೇಳುತ್ತದೆಂದು ತಾಯಿ ಸುಮ್ಮನಿದ್ದಳು. ತಾಯಿ ಹೇಳಿರುತ್ತಾಳೆಂದು ಶಾಲೆ ಸುಮ್ಮನಾಯಿತು. ನಡುವೆ ಹುಡುಗಿ ಒಬ್ಬಳೇ ಉಳಿದಳು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಪೌಷ್ಟಿಕ ಆಹಾರ ಹೆಚ್ಚಿದಂತೆ ಮೊದಲ ಮುಟ್ಟಿನ ವಯಸ್ಸು ಕೆಳಗಿಳಿಯುತ್ತದೆ. ಚೀನಾದ ವಿದ್ಯಾರ್ಥಿಗಳ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಗಳ ಪ್ರಕಾರ 1985ರಲ್ಲಿ ಸುಮಾರು ಹದಿಮೂರೂವರೆ ವರ್ಷವಿದ್ದ ಆ ವಯಸ್ಸು 2010ರ ಹೊತ್ತಿಗೆ ಸುಮಾರು ಹನ್ನೆರಡೂವರೆಗೆ ಇಳಿದಿತ್ತು. ಪಾಠವಾದರೋ ಏಳನೆಯ ತರಗತಿಯ ಜೀವಶಾಸ್ತ್ರ ಪುಸ್ತಕದಲ್ಲಿ, ಹನ್ನೆರಡು ಹದಿಮೂರರ ಮಕ್ಕಳಿಗೆ. ಎಂದರೆ ತರಗತಿಯಲ್ಲಿ ಪಾಠ ಆರಂಭವಾಗುವಷ್ಟರಲ್ಲಿ ಎಷ್ಟೋ ಹುಡುಗಿಯರಿಗೆ ದೊಡ್ಡಮ್ಮ ಬಂದು ಹೋಗಿರುತ್ತಾಳೆ!

ಹುಡುಗಿಯರು ಹೇಳಿದ್ದು

ಹುಡುಗಿಯರ ಮನಸ್ಸಿನಲ್ಲಿ ಏನಿರುತ್ತದೆಂಬುದನ್ನು ಅವರಿಂದಲೇ ಕೇಳಿ ತಿಳಿದ ಒಂದು ಅಧ್ಯಯನ ಹಾಂಗ್‌ಕಾಂಗ್‌ನಲ್ಲಿ ನಡೆಯಿತು. 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಚೀನೀ ಹುಡುಗಿಯರು ತಮ್ಮ ಮೊದಲ ಋತುವಿನ ಅನುಭವವನ್ನು ತಿಳಿಸಿದರು. ನೂರಕ್ಕೆ ಸುಮಾರು 85 ಮಂದಿ ತಮಗೆ ಕಿರಿಕಿರಿಯೂ ನಾಚಿಕೆಯೂ ಆಯಿತೆಂದರು. ಅದೇ ಹುಡುಗಿಯರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ತಾವು ದೊಡ್ಡವರಾದೆವೆಂಬ ಭಾವನೆ ಬಂದಿತೆಂದೂ ಹೇಳಿದರು. ಒಂದೇ ಹೃದಯದಲ್ಲಿ ನಾಚಿಕೆಯೂ ಹೆಮ್ಮೆಯೂ ಕೂಡಿದ್ದವು. ಎರಡರಲ್ಲಿ ಯಾವುದು ಮೇಲುಗೈಯಾಗುವುದೆಂಬುದಕ್ಕೆ ಅಧ್ಯಯನ ಕೊಟ್ಟ ಉತ್ತರ ತಾಯಂದಿರು ಗಮನಿಸಬೇಕಾದದ್ದು. ಮೊದಲೇ ಸಿದ್ಧರಾಗಿದ್ದ ಹುಡುಗಿಯರು, ಇದೊಂದು ಸಹಜ ಸಂಗತಿಯೆಂದು ತಿಳಿದಿದ್ದ ಹುಡುಗಿಯರು ಆ ದಿನವನ್ನು ಹೆಚ್ಚು ನೆಮ್ಮದಿಯಿಂದ ಎದುರಿಸಿದ್ದರು. ಸುತ್ತಲಿನವರಿಂದ ಅದರ ಬಗ್ಗೆ ಹೀನವಾದ ಮಾತುಗಳನ್ನೇ ಮನಸ್ಸಿಗೆ ತೆಗೆದುಕೊಂಡಿದ್ದವರಿಗೆ ಅನುಭವವೂ ಕಹಿಯಾಗಿತ್ತು.

ಹೇಳುವವರೇ ಹತ್ತಿರದಲ್ಲಿಲ್ಲದ ಮಕ್ಕಳ ಪಾಡು ಇನ್ನೂ ಕಠಿಣ. ಚೀನಾದಲ್ಲಿ ತಂದೆತಾಯಿಗಳು ದುಡಿಮೆಗಾಗಿ ದೂರದ ನಗರಗಳಿಗೆ ಹೋಗಿ, ಮಕ್ಕಳು ಹಳ್ಳಿಯಲ್ಲಿ ಅಜ್ಜ ಅಜ್ಜಿಯರ ಬಳಿ ಉಳಿಯುವುದು ಸಾಮಾನ್ಯವಾಯಿತು. ಇಂತಹ ಮಕ್ಕಳ ಸಂಖ್ಯೆ ಆರು ಕೋಟಿಯನ್ನು ಮೀರಿದೆಯೆಂದು ಅಖಿಲ ಚೀನಾ ಮಹಿಳಾ ಒಕ್ಕೂಟ 2013ರಲ್ಲಿ ಅಂದಾಜು ಮಾಡಿತ್ತು. ಅಜ್ಜಿ ತನ್ನ ಕಾಲದಲ್ಲಿ ಬಟ್ಟೆಯ ಪಟ್ಟಿಯಲ್ಲಿ ಒರಟು ಕಾಗದವನ್ನು ಮಡಿಸಿಟ್ಟುಕೊಂಡು ಕಾಲ ಕಳೆದವಳು. ಕಾರ್ಖಾನೆಯಲ್ಲಿ ತಯಾರಾದ ಪ್ಯಾಡುಗಳು ಚೀನಾದಲ್ಲಿ ಬಳಕೆಗೆ ಬಂದದ್ದೇ 1980ರ ದಶಕದಲ್ಲಿ. ಮೊಮ್ಮಗಳಿಗೆ ಏನು ಹೇಳಬೇಕೆಂದು ಅವಳಿಗೆ ತೋಚದು. ಮೊಮ್ಮಗಳಿಗೆ ಅಜ್ಜಿಯನ್ನು ಕೇಳಲು ಬಾಯಿ ಬಾರದು. ತಾಯಿಯಾದರೋ ಸಾವಿರ ಮೈಲಿ ದೂರದ ಕಾರ್ಖಾನೆಯಲ್ಲಿ.

ಮುಚ್ಚಿದ ಬಾಯಿ ತೆರೆದದ್ದು

ಈ ಮೌನ ಮುರಿಯಲು ಸುತ್ತೋಲೆಗಳಿಗಿಂತ ಹೆಣ್ಣುಮಕ್ಕಳ ಮಾತೇ ಹೆಚ್ಚು ಕೆಲಸ ಮಾಡಿತು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಚೀನಾದ ಈಜುಗಾರ್ತಿಯರ ತಂಡ ರಿಲೇ ಸ್ಪರ್ಧೆಯಲ್ಲಿ ನಾಲ್ಕನೆಯದಾಯಿತು. ನೋವಿನಿಂದ ಬಾಗಿ ಕುಳಿತಿದ್ದ ಫೂ ಯುವಾನ್‌ಹ್ವೇ ಎಂಬ ಯುವತಿ, ಹಿಂದಿನ ದಿನವಷ್ಟೇ ತನಗೆ ಮುಟ್ಟಾಯಿತೆಂದು ದೂರದರ್ಶನದ ಕ್ಯಾಮೆರಾ ಮುಂದೆ ನಿಸ್ಸಂಕೋಚವಾಗಿ ಹೇಳಿಬಿಟ್ಟಳು; ಅದು ನೆಪವಲ್ಲ, ತಾನು ಚೆನ್ನಾಗಿ ಈಜಲಿಲ್ಲ ಎಂದೂ ಸೇರಿಸಿದಳು. ದೇಶವೇ ಬೆರಗಾಯಿತು. ಆ ದಿನಗಳಲ್ಲಿ ನೀರಿಗಿಳಿಯಬಹುದೆಂಬುದೇ ಎಷ್ಟೋ ಜನರಿಗೆ ಹೊಸ ಸುದ್ದಿಯಾಗಿತ್ತು.

2020ರ ಆರಂಭದಲ್ಲಿ ವುಹಾನ್ ಹಾಗೂ ಹುಬೇಯ್ ಪ್ರಾಂತದ ಆಸ್ಪತ್ರೆಗಳಲ್ಲಿ ಕೊರೊನಾ ಪಿಡುಗಿನೊಡನೆ ಹೋರಾಡುತ್ತಿದ್ದ ದಾದಿಯರಿಗೆ ಗಂಟೆಗಟ್ಟಲೆ ರಕ್ಷಣಾ ಉಡುಪನ್ನು ತೆಗೆಯುವಂತಿರಲಿಲ್ಲ. ದೇಶದ ಮೂಲೆಮೂಲೆಗಳಿಂದ ನೆರವಿನ ಸಾಮಗ್ರಿ ಹರಿದುಬಂದರೂ ಅವರಿಗೆ ಬೇಕಾದ ಪ್ಯಾಡುಗಳು ಯಾರ ನೆನಪಿಗೂ ಬಂದಿರಲಿಲ್ಲ. ಹೆಂಗಸರೇ ಮುಂದೆ ಬಂದು ಹಣ ಕೂಡಿಸಿ ಕಳುಹಿಸಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಹೆಸರಿಲ್ಲದ, ಹೊದಿಕೆಯಿಲ್ಲದ ಅಗ್ಗದ ಪ್ಯಾಡುಗಳನ್ನು ಏಕೆ ಕೊಳ್ಳುತ್ತೀರೆಂದು ಯಾರೋ ಕೇಳಿದಾಗ, ಕೊಂಡವರು ಕೊಟ್ಟ ಉತ್ತರ 'ನಮಗೆ ಕಷ್ಟವಿದೆ' ಎಂಬುದಷ್ಟೇ. ಆ ಚಿಕ್ಕ ಉತ್ತರ ಅನೇಕರ ಕಣ್ಣು ತೆರೆಸಿತು. ಅಂಗಡಿಯಲ್ಲಿ ಕಪ್ಪು ಚೀಲದಲ್ಲಿ ಸುತ್ತಿ ಕೊಡುತ್ತಿದ್ದ ವಸ್ತುವನ್ನು ಕಾಲೇಜು ಹುಡುಗಿಯರು ಶೌಚಾಲಯದ ಹೊರಗೆ ತೆರೆದ ಪೆಟ್ಟಿಗೆಯಲ್ಲಿಟ್ಟರು: ಬೇಕಾದವರು ಒಂದು ತೆಗೆದುಕೊಳ್ಳಿ, ಅನುಕೂಲವಾದಾಗ ಒಂದು ಹಿಂದಿರುಗಿಸಿ. 2020ರ ಕೊನೆಯ ತಿಂಗಳುಗಳಲ್ಲಿ ಇಂತಹ ಪೆಟ್ಟಿಗೆಗಳು ಅನೇಕ ವಿಶ್ವವಿದ್ಯಾಲಯಗಳಲ್ಲಿ ಕಾಣಿಸಿಕೊಂಡವು. ಕೇಳಲು ನಾಚುವ ಒಬ್ಬ ಹುಡುಗಿಗೆ ಹೆಸರು ತಿಳಿಯದ ಇನ್ನೊಬ್ಬಳು ಮಾಡಿದ ದಾಸೋಹವೆಂದೇ ನಾವು ಇದನ್ನು ತಿಳಿಯಬಹುದು.

ನಮ್ಮ ಮನೆಯ ಮಾತು

ಈಗ ಪತ್ರ ಬರೆದ ತಾಯಿಗೆ ಉತ್ತರ. ತಂಗಿ, ಶಾಲೆಗೆ ಬಿಡಬೇಡಿ. ಶಾಲೆ ಹೇಳಲಿ, ಹೇಳಲೇಬೇಕು. ಆದರೆ ಮೊದಲು ನೀವು ಹೇಳಿ. ಮಗಳಿಗೆ ಹತ್ತು ತುಂಬಿದೆಯೆಂದರೆ ಇದೇ ಸಮಯ. ಎದೆ ಮೂಡಲು ತೊಡಗಿದ ಎರಡು ಎರಡೂವರೆ ವರ್ಷಗಳಲ್ಲಿ ಸಾಮಾನ್ಯವಾಗಿ ಮೊದಲ ಮುಟ್ಟು ಬರುತ್ತದೆ. ಮುಂದೆ ಮಗು ಹೊರಬೇಕಾದ ಗರ್ಭಕೋಶ ತಿಂಗಳಿಗೊಮ್ಮೆ ತನ್ನೊಳಗೆ ಮೆತ್ತನೆಯ ಹಾಸಿಗೆ ಹಾಸುತ್ತದೆ, ಬೇಡವಾದಾಗ ಅದನ್ನು ಹೊರಹಾಕುತ್ತದೆ ಎಂದು ಹೇಳಿ. ಹರಿಯುವ ರಕ್ತ ನೋಡಲು ಬಹಳವೆನಿಸಿದರೂ ಕೆಲವು ಚಮಚಗಳಷ್ಟೇ ಎಂದು ಧೈರ್ಯ ಕೊಡಿ. ಎರಡರಿಂದ ಏಳು ದಿನ ಇರಬಹುದು, ಮೊದಲ ಒಂದೆರಡು ವರ್ಷ ಲೆಕ್ಕ ತಪ್ಪಿ ಬರಬಹುದು ಎಂದು ತಿಳಿಸಿ. ಪ್ಯಾಡನ್ನು ಕೈಗೆ ಕೊಟ್ಟು ಬಳಸುವ ಬಗೆ ತೋರಿಸಿ. ಒಂದನ್ನು ಶಾಲೆಯ ಚೀಲದಲ್ಲಿ ಇಟ್ಟುಬಿಡಿ. ನಾಲ್ಕಾರು ಗಂಟೆಗೊಮ್ಮೆ ಬದಲಿಸಬೇಕು, ಬಟ್ಟೆಯಾದರೆ ಚೆನ್ನಾಗಿ ಒಗೆದು ಬಿಸಿಲಿನಲ್ಲಿಯೇ ಒಣಗಿಸಬೇಕು. ಸ್ನಾನಕ್ಕೆ ಅಡ್ಡಿಯಿಲ್ಲ, ಆಟಕ್ಕೂ ಅಡ್ಡಿಯಿಲ್ಲ. ಹದಿನೈದು ತುಂಬಿದರೂ ಬಾರದಿದ್ದರೆ, ಇಲ್ಲವೆ ಸ್ರಾವ, ನೋವು ಅತಿಯಾದರೆ ವೈದ್ಯರಿಗೆ ತೋರಿಸಿ.

ಇನ್ನೊಂದು ಮಾತನ್ನು ಲಿಂಗವಂತರ ಮನೆಯ ತಾಯಿ ಮಗಳಿಗೆ ಅವಶ್ಯವಾಗಿ ಹೇಳಬೇಕು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ತಳ್ಳಿಹಾಕಿದರು. ಚೀನಾದ ಜನ ತಾಯಿಯನ್ನು ರಕ್ತದ ಕೊಳದಿಂದ ಮೇಲೆತ್ತಲು ಪೂಜೆ ಮಾಡಿಸುತ್ತಿದ್ದ ಕಾಲಕ್ಕೆ, ಅಂತಹ ಕೊಳವೇ ಇಲ್ಲವೆನ್ನುವ ಅರಿವು ಕಲ್ಯಾಣದಲ್ಲಿ ಬೆಳಗಿತ್ತು. ಅಂಗದ ಮೇಲಿನ ಇಷ್ಟಲಿಂಗವನ್ನು ಯಾವ ದಿನವೂ ಅಗಲಬೇಕಾಗಿಲ್ಲ. ಆ ದಿನಗಳಲ್ಲಿಯೂ ಪೂಜೆ ನಿಲ್ಲಬೇಕಾಗಿಲ್ಲ. ಹೀಗಿದ್ದೂ ನಮ್ಮ ಎಷ್ಟೋ ಮನೆಗಳಲ್ಲಿ ಇಂದಿಗೂ ಹುಡುಗಿಯನ್ನು ಮೂರು ದಿನ ಮೂಲೆಯಲ್ಲಿ ಕೂರಿಸುತ್ತೇವೆ, ದೇವರ ಕೋಣೆಯ ಬಾಗಿಲಿನಿಂದ ದೂರ ಇಡುತ್ತೇವೆ. ಒಂದು ಕಡೆ ಆರತಿ, ಇನ್ನೊಂದು ಕಡೆ ಮೈಲಿಗೆ. ಲೀ ಶಿಜೆನ್‌ನ ಎರಡು ಮನಸ್ಸುಗಳು ನಮ್ಮ ಮನೆಯಲ್ಲಿಯೂ ಇವೆಯೆಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ತಂಗಿ, ನೀವು ಹಿತ್ತಿಲಲ್ಲಿ ಅತ್ತ ದಿನವನ್ನು ಮಗಳಿಗೆ ಹೇಳಿ. ಅಲ್ಲಿಂದಲೇ ಮಾತು ಆರಂಭವಾಗಲಿ. ಅವಳು ನಿಮ್ಮ ಕೈ ಹಿಡಿದುಕೊಳ್ಳುತ್ತಾಳೆ. ನಾಳೆ ತನಗೆ ಹಾಗಾದಾಗ ಮೊದಲು ನಿಮ್ಮ ಬಳಿಗೇ ಓಡಿಬರುತ್ತಾಳೆ. ಆ ದಿನ ಬೆಲ್ಲ ಶುಂಠಿಯ ಬಿಸಿ ಕಷಾಯ ಕೊಡಿ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಎಂದಿನಂತೆ ಲಿಂಗಪೂಜೆಗೆ ನಿಮ್ಮ ಪಕ್ಕದಲ್ಲಿಯೇ ಕೂರಿಸಿಕೊಳ್ಳಿ.